ನೋನಿ ಮಲಗುತ್ತಿದ್ದ ಜಾಗ

ಲಾಂಗೊವಾನ್,
9 ಫೆಬ್ರವರಿ 2003

ಮಾನ್ಯ ಮೆಲ್ಕಿ ಮಕಾಹಿಂದಾ ಅವರಿಗೆ,

ಕಳೆದ ತಿಂಗಳ ಇಪ್ಪತ್ತೆಂಟರಂದು ನೀವು ನಮ್ಮ ಮನೆಗೆ ಬಂದು ಒಂದು ಹೆಣ್ಣು ಯಾಕಿಯನ್ನು, ಆ ಕಪ್ಪು ಕೋತಿಯನ್ನು, ಪಂಜರದಲ್ಲಿ ಕೂರಿಸಿಕೊಂಡು ಹೋದಿರಿ. ನಾನು ಆ ಮನೆಯ ಯೋಸಿನಾ ತುಲಂದಿ. ನೀವು ಕೊಟ್ಟ ಕಾಗದದಲ್ಲಿ ನಿಮ್ಮ ಹೆಸರೂ ಬಿತುಂಗ್ ಕಡೆಯ ನಿಮ್ಮ ಆಶ್ರಯಧಾಮದ ವಿಳಾಸವೂ ಇತ್ತು. ಬರೆಯಲೋ ಬೇಡವೋ ಎಂದು ಯೋಚಿಸುತ್ತಲೇ ಇಷ್ಟು ದಿನ ಕಳೆಯಿತು.

ಅವಳ ಹೆಸರು ನೋನಿ. ನಿಮ್ಮ ಫಾರಂನಲ್ಲಿ ಹೆಸರಿಗೆ ಜಾಗವಿರಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ. ಸುಟ್ಟ ಗೆಣಸು ಇಷ್ಟ, ಸಿಪ್ಪೆ ತೆಗೆದರೆ ಮಾತ್ರ. ಟೋಪಿ ಹಾಕಿದ ಗಂಡಸರನ್ನು ಕಂಡರೆ ಆಗದು. ಅಂದು ನೀವು ಟೋಪಿ ಹಾಕಿಕೊಂಡೇ ಬಂದಿದ್ದಿರಿ, ಅದಕ್ಕೇ ಅಷ್ಟು ಗಲಾಟೆ ಮಾಡಿದಳು.

ಅಡುಗೆಮನೆಯ ಹಿಂದೆ ಹಗ್ಗ ಹಾಕಿ ಕಟ್ಟಿರುತ್ತಿದ್ದೆ ಎಂದು ಫಾರಂನಲ್ಲಿ ಬರೆಸಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ.

ಇದನ್ನು ಕ್ಯಾರೆಟ್ ಲಾರಿಯ ವೆಲಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ವಾರಕ್ಕೊಮ್ಮೆ ಬಿತುಂಗ್ ಮಾರುಕಟ್ಟೆಗೆ ಬರುತ್ತಾನೆ. ಉತ್ತರ ಬರೆಯಲೇಬೇಕೆಂದಿಲ್ಲ. ಬರೆದರೆ ಅವನ ಕೈಯಲ್ಲೇ ಕೊಡಿ.

ಇತಿ,
ಯೋಸಿನಾ ತುಲಂದಿ
(ನಿವೃತ್ತ ಶಿಕ್ಷಕಿ)


ಬಿತುಂಗ್,
20 ಫೆಬ್ರವರಿ 2003

ಮಾನ್ಯ ಶ್ರೀಮತಿ ತುಲಂದಿ ಅವರಿಗೆ,

ನಿಮ್ಮ ಪತ್ರ ತಲುಪಿತು. ನೋನಿ ಆರೋಗ್ಯವಾಗಿದ್ದಾಳೆ. ಊಟ ಚೆನ್ನಾಗಿ ಮಾಡುತ್ತಾಳೆ. ಟೋಪಿ ಬಿಟ್ಟಿದ್ದೇನೆ.

ಹೊಸದಾಗಿ ಬಂದವರನ್ನು ಕಾಯಿಲೆಯ ತಪಾಸಣೆಗೆಂದು ಆರು ವಾರ ಬೇರೆ ಇಡುವುದು ನಮ್ಮಲ್ಲಿ ನಿಯಮ. ಆಮೇಲೆ ಗುಂಪಿಗೆ ಸೇರಿಸುತ್ತೇವೆ. ಗುಂಪಿನಲ್ಲಿ ಹದಿಮೂರು ಜನ ಇದ್ದಾರೆ. ಜನ ಎನ್ನುವುದು ನಮಗಿಲ್ಲಿ ಅಭ್ಯಾಸ, ಕ್ಷಮಿಸಿ. ಪಾಲಾ ಎಂಬ ಗಂಡು ಅದರ ಯಜಮಾನ. ನೋನಿಯ ಪಕ್ಕದ ಪಂಜರದಲ್ಲಿ ಓಮಾ ಎಂಬ ಮುದುಕಿ ಇದ್ದಾಳೆ. ಹೋಟೆಲೊಂದರ ಅಂಗಳದಲ್ಲಿ ಹದಿನೈದು ವರ್ಷ ಕಳೆದು ಬಂದವಳು. ಕಣ್ಣು ಕಾಣುವುದಿಲ್ಲ. ಗದ್ದಲದಲ್ಲಿ ಎಡವಿ ಬೀಳುತ್ತಾಳೆಂದು ಅವಳನ್ನು ಊಟಕ್ಕೂ ನಿದ್ದೆಗೂ ಬೇರೆ ಇಡುತ್ತೇವೆ.

ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ನೋನಿ ಹೇಗೆ ಮಲಗುತ್ತಿದ್ದಳು? ಸುಮ್ಮನೆ ತಿಳಿದುಕೊಳ್ಳಲು ಕೇಳಿದೆ.

ವಂದನೆಗಳೊಂದಿಗೆ,
ಮೆಲ್ಕಿ


ಲಾಂಗೊವಾನ್,
2 ಮಾರ್ಚ್ 2003

ಮೆಲ್ಕಿ ಅವರಿಗೆ,

ಅವಳು ಊಟ ಮಾಡುತ್ತಿದ್ದಾಳೆಂದು ಓದಿ ಸಮಾಧಾನವಾಯಿತು. ಹೋದ ದಿನದಿಂದ ನನಗೆ ಇದ್ದದ್ದು ಅದೊಂದೇ ಚಿಂತೆ.

ಮಲಗುವುದರ ಬಗ್ಗೆ ಕೇಳಿದ್ದೀರಿ. ಹಿತ್ತಲ ಮಾಡಿನ ಕೆಳಗೆ ಬಡಗಿಯಿಂದ ಒಂದು ಹಲಗೆ ಹೊಡೆಸಿದ್ದೆ. ಅದರ ಮೇಲೆ ಒಬ್ಬಳೇ ಮಲಗುತ್ತಿದ್ದಳು. ಒಂಟಿಯಾಗಿರುವುದು ಅವಳಿಗೆ ಹೊಸದಲ್ಲ.

ಅವಳು ನನ್ನ ಪಾಲಿಗೆ ಬಂದದ್ದು ತೊಂಬತ್ತನಾಲ್ಕರಲ್ಲಿ. ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಶನಿವಾರದ ಸಂತೆಯಲ್ಲಿ ಮಾಂಸದ ಸಾಲಿನ ಕೊನೆಗೆ ಒಂದು ಬುಟ್ಟಿ. ಅದರೊಳಗೆ ಅಂಗೈಯಗಲದ ಒಂದು ಮರಿ, ಹರಕು ಬಟ್ಟೆಯನ್ನು ತಬ್ಬಿಕೊಂಡು ಬಿದ್ದಿತ್ತು. ಬದುಕಿದೆಯೇ ಎಂದು ನೋಡಲು ಬೆರಳು ಇಟ್ಟೆ. ಬಟ್ಟೆ ಬಿಟ್ಟು ಬೆರಳು ಹಿಡಿಯಿತು. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಕೊಂಡುಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಗುಂಪಿಗೆ ಸೇರಿಸಿದ ದಿನ ತಿಳಿಸಿ.

ಯೋಸಿನಾ ತುಲಂದಿ


ಬಿತುಂಗ್,
18 ಮಾರ್ಚ್ 2003

ಮಾನ್ಯ ಶ್ರೀಮತಿ ತುಲಂದಿ ಅವರಿಗೆ,

ಈ ವಾರ ಕೆಲಸ ಹೆಚ್ಚಿರುವುದರಿಂದ ನಾಲ್ಕೇ ಸಾಲು. ನೋನಿ ಆರಾಮ. ತಪಾಸಣೆಯಲ್ಲಿ ಯಾವ ಕಾಯಿಲೆಯೂ ಕಾಣಲಿಲ್ಲ. ಗುಂಪಿಗೆ ಪರಿಚಯ ಮಾಡಿಸಿದೆವು. ಹೊಂದಿಕೊಳ್ಳಲು ಸ್ವಲ್ಪ ಸಮಯ ಬೇಕು. ಚಿಂತೆ ಮಾಡಬೇಡಿ.

ಮೆಲ್ಕಿ


ಲಾಂಗೊವಾನ್,
24 ಮಾರ್ಚ್ 2003

ಮೆಲ್ಕಿ ಅವರಿಗೆ,

ಹೋದ ಸಲ ವೆಲಿ ಪತ್ರ ತೆಗೆದುಕೊಳ್ಳಲು ಬಂದಾಗ ನೀವು ಒಳಗೆಲ್ಲೋ ಇದ್ದಿರಂತೆ. ನಿಮ್ಮನ್ನು ಹುಡುಕುತ್ತ ಪಂಜರಗಳ ಕಡೆ ಹೋಗಿದ್ದಾನೆ. ಬಂದು ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಊರಿನ ಕಿರಿಯರಿಗೆಲ್ಲ ನಾನು ತಾಂತೆ, ಅಂದರೆ ಚಿಕ್ಕಮ್ಮ.

"ತಾಂತೆ, ನಿಮ್ ಕೋತಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿತ್ತು. ಎರಡು ಕೈಲೂ ಕೂದ್ಲೇ ಇಲ್ಲ, ಪುಕ್ಕ ಕಿತ್ತ ಕೋಳಿ ಥರ. ನಾನು ಹೆಸ್ರು ಹಿಡಿದು ಕರೆದೆ. ತಿರುಗಿ ನೋಡ್ಲಿಲ್ಲ."

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಸುಳ್ಳು ಬರೆಯುವ ಮಗು ಅಕ್ಷರಗಳನ್ನು ದುಂಡಗೆ ಬರೆಯುತ್ತದೆ. ನಿಮ್ಮ ಎರಡನೇ ಪತ್ರದ ಅಕ್ಷರ ಬಹಳ ದುಂಡಗಿತ್ತು. ನನ್ನನ್ನು ಏನೆಂದುಕೊಂಡಿರಿ? ಸತ್ಯ ಕೇಳಿದರೆ ಕುಸಿದುಬೀಳುವ ಮುದುಕಿ ಎಂದೇ?

ಬೈದು ಮುಗಿಯಿತು. ಇನ್ನು ನನ್ನ ಸುಳ್ಳಿನ ಸರದಿ.

ಹಲಗೆ ಇತ್ತು. ಅದರ ಮೇಲೆ ಅವಳು ಒಂದು ದಿನವೂ ಮಲಗಲಿಲ್ಲ. ಒಂಬತ್ತು ವರ್ಷ ನನ್ನ ಹಾಸಿಗೆಯಲ್ಲೇ ಮಲಗಿದಳು, ನನ್ನ ಬೆನ್ನಿಗೆ ಹೊಟ್ಟೆ ಅಂಟಿಸಿಕೊಂಡು, ಒಂದು ಕೈ ನನ್ನ ಜಡೆಯೊಳಗೆ ತೂರಿಸಿ. ಮಧ್ಯಾಹ್ನ ಊಟವಾದ ಮೇಲೆ ನಾನು ಜಗಲಿಯಲ್ಲಿ ಕೂರುವುದು, ಅವಳು ಹಿಂದೆ ನಿಂತು ನನ್ನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ನೋಡುವುದು. ನನ್ನ ತಲೆಯಲ್ಲಿ ಅವಳಿಗೆ ಏನೂ ಸಿಗುತ್ತಿರಲಿಲ್ಲ, ಆದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ. ಹಗ್ಗ ಕಟ್ಟುತ್ತಿದ್ದದ್ದು ಯಾರಾದರೂ ಬಂದಾಗ ಮಾತ್ರ.

ಫಾರಂ ತುಂಬುವಾಗ ಊರ ಮುಖ್ಯಸ್ಥರು ಎದುರಿಗೆ ಕುಳಿತಿದ್ದರು. ನಾನು ಚರ್ಚಿನ ಮಹಿಳಾ ಮಂಡಳಿಯ ಹಿರಿಯಳು. ಕೋತಿಯ ಜೊತೆ ಮಲಗುತ್ತೇನೆಂದು ಅವರೆದುರು ಹೇಗೆ ಬರೆಸಲಿ? ನಾಚಿಕೆಯಾಯಿತು. ಆಮೇಲೆ ನೀವು ನೇರವಾಗಿ ಕೇಳಿದಾಗಲೂ ಅದೇ ನಾಚಿಕೆ ಕೈ ಕಟ್ಟಿತು.

ಈಗ ನಿಮ್ಮ ಸರದಿ. ಇದ್ದದ್ದು ಇದ್ದ ಹಾಗೆ ಬರೆಯಿರಿ.

ಯೋಸಿನಾ


ಬಿತುಂಗ್,
29 ಮಾರ್ಚ್ 2003

ತಾಂತೆ ಯೋಸಿನಾ ಅವರಿಗೆ,

ಬೈದದ್ದು ಸರಿ. ಇದ್ದ ಹಾಗೆ ಬರೆಯುತ್ತೇನೆ.

ಬಂದ ದಿನದಿಂದ ನೋನಿ ಸರಿಯಾಗಿ ತಿನ್ನಲಿಲ್ಲ. ಗೆಣಸು ಸುಟ್ಟು ಸಿಪ್ಪೆ ತೆಗೆದು ಕೊಟ್ಟೆ, ಮೂಸಿ ಬಿಟ್ಟಳು. ಕೈಯ ಕೂದಲನ್ನು ತಾನೇ ಕಿತ್ತುಕೊಂಡಳು. ಮಾರ್ಚ್ ಹದಿಮೂರರಂದು ಗುಂಪಿಗೆ ಬಿಟ್ಟೆವು. ಪಾಲಾ ತುಟಿ ಪಟಪಟಿಸುತ್ತ ಹತ್ತಿರ ಬಂದ. ನಮ್ಮವರಲ್ಲಿ ಅದು 'ಬಾ, ಹೆದರಬೇಡ' ಎಂಬ ಮಾತು. ಯಾರೂ ಅವಳಿಗೆ ಆ ಮಾತು ಕಲಿಸಿರಲಿಲ್ಲ. ಕಿರುಚಿದಳು. ಎರಡು ಹೆಣ್ಣುಗಳು ಅಟ್ಟಿಸಿಕೊಂಡು ಬಂದವು. ಹದಿಮೂರು ಯಾಕಿಗಳ ನಡುವಿನಿಂದ ಅವಳು ಓಡಿ ಬಂದದ್ದು ಆವರಣದ ತಂತಿ ಬಲೆಯ ಹೊರಗೆ ನಿಂತಿದ್ದ ನನ್ನ ಕಡೆಗೆ. ಒಂದು ಬೆರಳು ಹರಿದಿತ್ತು. ಹೊಲಿಗೆ ಹಾಕಿದೆವು. ಮತ್ತೆ ಒಂಟಿಯಾಗಿ ಇಟ್ಟೆವು. ಹೀಗೇ ಆದರೆ ಇನ್ನೊಂದು ತಿಂಗಳು ಉಳಿಯುವುದು ಕಷ್ಟ ಎಂದು ನಮ್ಮ ಪಶುವೈದ್ಯೆ ಡಾಕ್ಟರ್ ವೆನಿಂಗ್ ಹೇಳಿದ್ದರು. ಅದನ್ನು ನಿಮಗೆ ಬರೆಯಲು ನನಗೆ ಧೈರ್ಯ ಬರಲಿಲ್ಲ.

ನಿಮ್ಮ ಪತ್ರ ಹಿಡಿದು ಅವರ ಕೋಣೆಗೆ ಓಡಿದೆ. ಅವರು ಎರಡು ಸಲ ಓದಿದರು.

"ಒಂಟಿಯಾಗೇ ಬೆಳೆದಿದ್ದು ಅಂತ ನಾವು ಇನ್ನಷ್ಟು ಒಂಟಿ ಮಾಡ್ಬಿಟ್ವಲ್ಲೋ ಮೆಲ್ಕಿ," ಅಂದರು. "ಇದಕ್ಕೆ ಬೇಕಾಗಿರೋದು ಔಷಧಿ ಅಲ್ಲ. ಒಂದು ಬೆನ್ನು."

ಅವತ್ತೇ ಮಧ್ಯಾಹ್ನ, ಎಲ್ಲರೂ ತೂಕಡಿಸುವ ಹೊತ್ತಿಗೆ, ನೋನಿಗೂ ಓಮಾಗೂ ನಡುವಿನ ಬಾಗಿಲು ತೆಗೆದೆವು. ಒಂದು ಗಂಟೆ ಏನೂ ಆಗಲಿಲ್ಲ. ಆಮೇಲೆ ಓಮಾ ಮೂಗು ಎತ್ತಿದಳು, ಗೋಡೆ ಸವರುತ್ತ ಬಂದಳು. ಅವಳ ಕೈ ನೋನಿಯ ಕಾಲಿಗೆ ತಾಗಿತು. ನೋನಿ ಹಲ್ಲು ಕಿಸಿದಳು. ತಾಂತೆ, ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಜಗಳ ಶುರುವಾಗುತ್ತಿತ್ತು. ಆದರೆ ಓಮಾಗೆ ಹಲ್ಲು ಕಾಣುವುದಿಲ್ಲ. ಅವಳು ನಿಧಾನಕ್ಕೆ ತಿರುಗಿ, ತನ್ನ ಬೆನ್ನನ್ನು ನೋನಿಯ ಎದೆಗೆ ಒರಗಿಸಿ ಕುಳಿತಳು, ಅದು ತನಗೇ ಇಟ್ಟ ಕುರ್ಚಿ ಎಂಬಂತೆ.

ನೋನಿ ಎಷ್ಟೋ ಹೊತ್ತು ಕೈ ಮೇಲೆತ್ತಿಕೊಂಡೇ ಇದ್ದಳು. ಎಲ್ಲಿ ಇಡಬೇಕೆಂದು ತಿಳಿಯದವಳ ಹಾಗೆ. ಕೊನೆಗೆ ಓಮಾಳ ಕತ್ತಿನ ಮೇಲೆ ಇಟ್ಟಳು. ಕೂದಲನ್ನು ಎಳೆ ಎಳೆಯಾಗಿ ಬಿಡಿಸತೊಡಗಿದಳು.

ಇಂದು ಬೆಳಿಗ್ಗೆ ಅರ್ಧ ಪಪ್ಪಾಯಿ ತಿಂದಿದ್ದಾಳೆ. ಈ ಸಲ ಸುಳ್ಳಲ್ಲ.

ಮೆಲ್ಕಿ


ಲಾಂಗೊವಾನ್,
6 ಏಪ್ರಿಲ್ 2003

ಮೆಲ್ಕಿ,

ಪಪ್ಪಾಯಿ ಎಂಬಲ್ಲಿಗೆ ಬಂದು ಪತ್ರ ಮಡಿಸಿಟ್ಟು ಹಿತ್ತಲಿಗೆ ಹೋಗಿ ಅತ್ತೆ. ಆಮೇಲೆ ಬಂದು ಉಳಿದ ಒಂದು ಸಾಲು ಓದಿದೆ.

ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿ ಸಿಕ್ಕಿಬಿದ್ದವರು. ಇನ್ನು ಬಹುವಚನ ಏಕೆ? ನೀನು ನನ್ನ ಮಗನ ವಯಸ್ಸಿನವನು, ಮಗ ಇದ್ದಿದ್ದರೆ. ನೀನೂ 'ಅವರಿಗೆ' ಬಿಟ್ಟು ಬರಿ ತಾಂತೆ ಅನ್ನು.

ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ ಹೇಳು. ಹೇನಿಲ್ಲದ ತಲೆಯಲ್ಲಿ ಅವಳು ಒಂಬತ್ತು ವರ್ಷ ಹುಡುಕಿದ್ದೇನು?

ಯೋಸಿನಾ


ಬಿತುಂಗ್,
4 ಮೇ 2003

ತಾಂತೆ,

ಒಳ್ಳೆಯ ಸುದ್ದಿ ಮೊದಲು. ಏಪ್ರಿಲ್ ಇಪ್ಪತ್ತೆರಡರಂದು ಓಮಾ ಮತ್ತು ನೋನಿಯನ್ನು ಒಟ್ಟಿಗೇ ದೊಡ್ಡ ಆವರಣಕ್ಕೆ ಬಿಟ್ಟೆವು. ಓಮಾ ಮುಂದೆ, ಅವಳ ಸೊಂಟ ಹಿಡಿದು ನೋನಿ ಹಿಂದೆ. ದಾರಿ ಕಾಣದವಳು ಮುಂದೆ, ದಾರಿ ಗೊತ್ತಿಲ್ಲದವಳು ಹಿಂದೆ. ಪಾಲಾ ಬಂದ. ಓಮಾ ತುಟಿ ಪಟಪಟಿಸಿದಳು. ನೋನಿ ಅವಳ ಬಾಯನ್ನೇ ನೋಡಿದಳು, ತಾನೂ ಪಟಪಟಿಸಲು ನೋಡಿದಳು. ಬಿಸಿ ಗೆಣಸು ಬಾಯಿಗೆ ಹಾಕಿಕೊಂಡವಳ ಹಾಗೆ ಕಂಡಿತು. ಪಾಲಾಗೆ ಅಷ್ಟು ಸಾಕಾಯಿತು. ಬಂದು ಅವಳನ್ನು ತಬ್ಬಿ, ತಲೆ ಮೂಸಿ ಹೋದ. ಈಗ ದಿನಕ್ಕೆ ನಾಲ್ಕೈದು ಜನ ನೋನಿಯ ಮುಂದೆ ಬೆನ್ನು ಕೊಟ್ಟು ಕೂರುತ್ತಾರೆ. ಅವಳಷ್ಟು ತಾಳ್ಮೆಯಿಂದ ಕೂದಲು ಬಿಡಿಸುವವರು ಗುಂಪಿನಲ್ಲೇ ಇಲ್ಲ. ಅದನ್ನು ನಿಮ್ಮ ಜಗಲಿಯಲ್ಲಿ ಕಲಿತಿದ್ದಾಳೆ.

ನಿಮ್ಮ ಪ್ರಶ್ನೆಯನ್ನು ಡಾಕ್ಟರಿಗೆ ಹೇಳಿದೆ. ನಕ್ಕರು, ಆಮೇಲೆ ಚಹಾ ತರಿಸಿ ಅರ್ಧ ಗಂಟೆ ಮಾತಾಡಿದರು. ಹೇನು ಹೆಕ್ಕುವುದು ನೆಪವಂತೆ. ಒಂದು ಕೈ ನಿಧಾನವಾಗಿ ಕೂದಲಲ್ಲಿ ಓಡಾಡಿದರೆ ಎದೆಬಡಿತ ತಗ್ಗುತ್ತದೆ, ಮೈ ಸಡಿಲವಾಗುತ್ತದೆ. ಯಾರ ಕೈಯಿಂದ ಹಾಗಾಗುತ್ತದೋ ಅವರು ನಮ್ಮವರಾಗುತ್ತಾರೆ, ಜಗಳದಲ್ಲಿ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಮನುಷ್ಯ ಮನುಷ್ಯನಾಗುವುದಕ್ಕೆ ಬಹಳ ಹಿಂದೆಯೇ ಇದೆಲ್ಲ ಇತ್ತು. ಆಮೇಲೆ ನಮ್ಮ ಗುಂಪು ಬೆಳೆಯಿತು. ಅಷ್ಟೂ ಜನರ ತಲೆ ನೋಡುತ್ತ ಕೂತರೆ ಗೆಣಸು ಅಗೆಯುವವರು ಯಾರು? ಆದ್ದರಿಂದ ಕೈ ಮಾಡುತ್ತಿದ್ದ ಕೆಲಸವನ್ನು ನಗು, ಹಾಡು, ಮಾತು ವಹಿಸಿಕೊಂಡವು ಎಂದು ಕೆಲವರು ಊಹಿಸುತ್ತಾರಂತೆ. ಒಬ್ಬರ ಮಾತು ಏಕಕಾಲಕ್ಕೆ ಮೂರು ನಾಲ್ಕು ಜನರನ್ನು ಮುಟ್ಟುತ್ತದಲ್ಲ. ಇದು ಊಹೆ ಅಷ್ಟೇ, ಎಲ್ಲರೂ ಒಪ್ಪುವುದಿಲ್ಲ ಎಂದೂ ಹೇಳಿದರು.

ನನಗೆ ಒಪ್ಪಿಗೆಯಾಯಿತು. ನಿಮಗೆ?

ಮೆಲ್ಕಿ


ಲಾಂಗೊವಾನ್,
14 ಮೇ 2003

ಮೆಲ್ಕಿ,

ನಿನ್ನ ಪತ್ರವನ್ನು ಮಹಿಳಾ ಮಂಡಳಿಯಲ್ಲಿ ಗಟ್ಟಿಯಾಗಿ ಓದಿದೆ. ಪ್ರಾರ್ಥನೆ ಇಪ್ಪತ್ತು ನಿಮಿಷಕ್ಕೆ ಮುಗಿದು, ಹರಟೆ ಎರಡು ಗಂಟೆ ನಡೆಯುವುದು ನಮ್ಮಲ್ಲಿ ಮೊದಲಿನಿಂದಲೂ ಇದೆ. ಪಾದ್ರಿಗಳು ಅದಕ್ಕೆ ಬೇಸರಪಡುತ್ತಾರೆ. ಇನ್ನು ಮುಂದೆ ಕೇಳಿದರೆ ನಾವು ಒಬ್ಬರಿಗೊಬ್ಬರು ತಲೆ ನೋಡಿಕೊಳ್ಳುತ್ತಿದ್ದೇವೆ ಎಂದು ಹೇಳಬಹುದು. ಹೆಂಗಸರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಕೂಟ ಎಲ್ಲಿ ಸೇರಿತ್ತು ಗೊತ್ತೇ? ನನ್ನ ಮನೆಯಲ್ಲಿ. ನಮ್ಮ ಬೀದಿಯಲ್ಲಿ ವಾರಕ್ಕೊಂದು ಮನೆಯಂತೆ ಸರದಿ ಬರುತ್ತದೆ. ನಾಲ್ಕು ವರ್ಷದಿಂದ ನನ್ನ ಮನೆಯನ್ನು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದರು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನೋನಿ ದೊಡ್ಡವಳಾದ ಮೇಲೆ ನನ್ನ ಹತ್ತಿರ ಬಂದವರನ್ನೆಲ್ಲ ಕಚ್ಚುತ್ತಿದ್ದಳು.

ನಿನಗೆ ಹೇಳದೆ ಉಳಿಸಿಕೊಂಡಿದ್ದ ಇನ್ನೊಂದು ವಿಷಯವಿದೆ. ನನ್ನ ತಂಗಿಯ ಮಗಳು ಇಂಗ್ರಿ ದಿನಾ ಸಂಜೆ ಬಂದು ನನ್ನ ಜೊತೆ ಅಡುಗೆ ಮಾಡಿ, ಉಂಡು ಹೋಗುತ್ತಿದ್ದಳು. ಕಳೆದ ನವೆಂಬರಿನಲ್ಲಿ ನೋನಿ ಅವಳ ಭುಜ ಕಚ್ಚಿದಳು. ಏಳು ಹೊಲಿಗೆ. ಇಂಗ್ರಿ ಅಳಲಿಲ್ಲ, ಬೈಯಲೂ ಇಲ್ಲ. ಹೊಸ್ತಿಲಲ್ಲಿ ನಿಂತು, "ತಾಂತೆ, ನಿಮ್ಗೆ ಅವಳು ಸಾಕು. ನಾನ್ಯಾಕೆ?" ಅಂದಳು. ಮತ್ತೆ ಬರಲಿಲ್ಲ. ಎರಡು ತಿಂಗಳು ಯೋಚಿಸಿದೆ. ಆಮೇಲೆ ನಿಮ್ಮ ಕಚೇರಿಗೆ ಹೇಳಿಕಳಿಸಿದೆ. ಯಾಕಿ ಸಾಕಬಾರದೆಂಬ ಕಾನೂನಿಗೆ ಹೆದರಿ ಕೊಟ್ಟೆನೆಂದು ಊರಲ್ಲಿ ಹೇಳಿಕೊಂಡೆ. ನಿಜವಾಗಿ, ಇಬ್ಬರಲ್ಲಿ ಒಬ್ಬಳನ್ನು ಆರಿಸಿಕೊಂಡೆ. ನನ್ನ ಬೆರಳು ಹಿಡಿದು ಬಂದವಳನ್ನು ಕೈ ಬಿಟ್ಟೆ ಎಂಬ ಭಾರ ಇಳಿದಿರಲಿಲ್ಲ. ಅವಳ ಮುಂದೆ ಬೆನ್ನು ಕೊಟ್ಟು ಕೂರುವವರು ಈಗ ನಾಲ್ಕೈದು ಜನ ಎಂದು ಓದಿದ ಮೇಲೆ ಅದು ಸ್ವಲ್ಪ ಇಳಿದಿದೆ.

ಇಂಗ್ರಿ ಈಗ ಮತ್ತೆ ಬರುತ್ತಿದ್ದಾಳೆ. ಮೊದಲ ದಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿ ನೋಡಿದಳು, ನನ್ನನ್ನಲ್ಲ, ಮಾಡಿನ ಕಡೆ.

ನನಗೊಮ್ಮೆ ನೋನಿಯನ್ನು ನೋಡಬೇಕು. ಯಾವಾಗ ಬರಲಿ?

ಯೋಸಿನಾ


ಬಿತುಂಗ್,
1 ಜೂನ್ 2003

ತಾಂತೆ,

ದಯವಿಟ್ಟು ಈಗ ಬರಬೇಡಿ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ಅವಳು ಗುಂಪಿಗೆ ಸೇರಿ ಆರು ವಾರವೂ ಆಗಿಲ್ಲ. ನಿಮ್ಮ ಮುಖ ಕಂಡರೆ, ನಿಮ್ಮ ದನಿ ಕೇಳಿದರೆ, ಎಲ್ಲವನ್ನೂ ಬಿಟ್ಟು ಬಲೆಯ ಹತ್ತಿರ ಬಂದು ಕೂತುಬಿಡಬಹುದು. ಹಾಗೆ ಹೊರಗಿನವರ ಕಡೆ ಓಡುವವಳನ್ನು ಗುಂಪು ಮತ್ತೆ ದೂರ ಇಡುತ್ತದೆ. ಡಾಕ್ಟರ್ ಕೂಡ ಇದನ್ನೇ ಹೇಳುತ್ತಾರೆ.

ನೀವು ಎಲ್ಲವನ್ನೂ ಬರೆದಿರಿ. ನಾನು ಒಂದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ನಾನು ಇಲ್ಲಿಗೆ ಸೇರಿದ್ದು ತೊಂಬತ್ತೆಂಟರಲ್ಲಿ. ಅದಕ್ಕೂ ಮೊದಲು ಅಪ್ಪನ ಜೊತೆ ಇದೇ ಕಾಡಿನಲ್ಲಿ ಕುಣಿಕೆ ಇಡುತ್ತಿದ್ದೆ. ಹಂದಿಗೂ ಇಡುತ್ತಿದ್ದೆವು, ಯಾಕಿಗೂ ಇಡುತ್ತಿದ್ದೆವು. ಸಿಕ್ಕಿದ್ದನ್ನು ಒಬ್ಬ ವ್ಯಾಪಾರಿ ಬಂದು ಒಯ್ಯುತ್ತಿದ್ದ, ನಿಮ್ಮ ಕಡೆಯ ಸಂತೆಗೆ. ತಾಯಿ ಸಿಕ್ಕಾಗ ಮರಿ ಅದರ ಮೈ ಬಿಡುತ್ತಿರಲಿಲ್ಲ. ಬೆರಳು ಒಂದೊಂದಾಗಿ ಬಿಡಿಸುವುದು ನನ್ನ ಕೆಲಸವಾಗಿತ್ತು, ನನ್ನ ಕೈ ಚಿಕ್ಕದು ಎಂದು. ತೊಂಬತ್ತನಾಲ್ಕರಲ್ಲೂ ಹಾಗೆ ಬಿಡಿಸಿದ್ದೇನೆ. ಅದು ನೋನಿಯೇ ಎಂದು ಗೊತ್ತಿಲ್ಲ. ಅಲ್ಲ ಎಂದೂ ಗೊತ್ತಿಲ್ಲ. ಬೆರಳು ಹಿಡಿಯಿತು ಎಂದು ನೀವು ಬರೆದ ದಿನದಿಂದ ಇದು ಮನಸ್ಸಿನಲ್ಲಿದೆ.

ಮೆಲ್ಕಿ


ಬಿತುಂಗ್,
29 ಜೂನ್ 2003

ತಾಂತೆ,

ನಾಲ್ಕು ಸಲ ವೆಲಿಯ ಲಾರಿ ಬಂದು ಹೋಯಿತು. ನಿಮ್ಮ ಪತ್ರವಿಲ್ಲ. ಕೇಳಿದರೆ ಅವನು ಬೇರೆ ಕಡೆ ನೋಡುತ್ತಾನೆ. ನೀವು ಕೋಪಗೊಂಡಿದ್ದರೆ ಅದು ನ್ಯಾಯವೇ. ಇನ್ನು ನನಗೆ ಬರೆಯಬೇಕಾಗಿಲ್ಲ. ನೋನಿಯ ಸುದ್ದಿಯನ್ನು ಮಾತ್ರ ತಿಂಗಳಿಗೊಮ್ಮೆ ಕಳಿಸುತ್ತಿರುತ್ತೇನೆ. ಕೈಯಲ್ಲಿ ಕೂದಲು ಪೂರ್ತಿ ಬಂದಿದೆ.

ಮೆಲ್ಕಿ


ಲಾಂಗೊವಾನ್,
6 ಜುಲೈ 2003

ಮೆಲ್ಕಿ, ಮಗನೇ,

ವೆಲಿ ಬೇರೆ ಕಡೆ ನೋಡಿದ್ದಕ್ಕೆ ಕಾರಣ ನಾನು. ಬಾಯಿ ಬಿಡಬೇಡ ಎಂದಿದ್ದೆ.

ನಿನ್ನ ಪತ್ರ ಓದಿ ಕೋಪ ಬಂದದ್ದು ಸುಳ್ಳಲ್ಲ. ಒಂದು ದಿನ ಇತ್ತು. ಮಾರನೆಯ ದಿನ ಅಕ್ಕಿ ಆರಿಸುತ್ತ ಕುಳಿತಾಗ ನನ್ನನ್ನೇ ಕೇಳಿಕೊಂಡೆ: ಆ ಶನಿವಾರ ಮಾಂಸದ ಸಾಲಿನ ಕೊನೆಯವರೆಗೆ ನಾನು ಹೋದದ್ದೇಕೆ? ಮರಿ ಉಳಿಸಲು ಹೋಗಿರಲಿಲ್ಲ. ಮನೆಗೆ ನೆಂಟರು ಬರುವವರಿದ್ದರು, ಯಾಕಿ ಮಾಂಸ ಕೊಳ್ಳಲು ಹೋಗಿದ್ದೆ. ಚಿಕ್ಕಂದಿನಿಂದ ತಿಂದವಳು ನಾನು. ನೀನು ಕುಣಿಕೆ ಇಟ್ಟೆ, ನಾನು ಮೆಣಸು ಅರೆದೆ. ಇನ್ನು ಯಾರು ಯಾರನ್ನು ಕ್ಷಮಿಸುವುದು?

ಇಷ್ಟು ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ, ಏಕೆಂದರೆ ಆಗಲೇ ಇನ್ನೊಂದು ಯೋಚನೆ ಬಂದಿತ್ತು. ಬರೆದರೆ ನಿನ್ನಿಂದ ಮುಚ್ಚಿಡಬೇಕಾಗುತ್ತಿತ್ತು, ಮತ್ತೆ ಅಕ್ಷರ ದುಂಡಗಾಗುತ್ತಿತ್ತು.

ಜೂನ್ ಇಪ್ಪತ್ತಾರರಂದು, ನಿನ್ನ ರಜೆಯ ದಿನ, ವೆಲಿಯ ಲಾರಿಯಲ್ಲಿ ಕ್ಯಾರೆಟ್ ಮೂಟೆಗಳ ಜೊತೆ ಬಂದೆ. ಡಾಕ್ಟರ್ ವೆನಿಂಗ್ ಅವರಿಗೆ ಮೊದಲೇ ಹೇಳಿದ್ದೆ. ಅವರು ಕೂಡಲೇ ಒಪ್ಪಲಿಲ್ಲ. ಮಾತಾಡುವುದಿಲ್ಲ, ಮುಖ ತೋರಿಸುವುದಿಲ್ಲ ಎಂದು ಭಾಷೆ ತೆಗೆದುಕೊಂಡು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಬಿದಿರು ತಟ್ಟಿಯ ಹಿಂದೆ ಒಂದು ಸ್ಟೂಲು ಹಾಕಿಸಿಕೊಟ್ಟರು. ತಟ್ಟಿಯಲ್ಲಿ ಕಣ್ಣಿಗಾಗುವಷ್ಟು ಒಂದು ತೂತು.

ಮಧ್ಯಾಹ್ನದ ಹೊತ್ತು. ಎಲ್ಲರೂ ಒಂದು ಮರದ ಬುಡದಲ್ಲಿ ಒಬ್ಬರ ಮೇಲೊಬ್ಬರು ಬಿದ್ದುಕೊಂಡಿದ್ದರು. ಯಾರ ಕಾಲು, ಯಾರ ತಲೆ ಒಂದೂ ತಿಳಿಯದು. ಒಂಬತ್ತು ವರ್ಷ ಸಾಕಿದವಳಿಗೆ ಅವಳನ್ನು ಗುರುತಿಸಲಾಗಲಿಲ್ಲ, ಮೆಲ್ಕಿ. ಎಲ್ಲ ಕಪ್ಪು ಮುಖಗಳೂ ಒಂದೇ. ನನಗೆ ಗಾಬರಿಯಾಯಿತು. ಆಮೇಲೆ ನಗು ಬಂತು. ಗುರುತು ಸಿಗದಷ್ಟು ಅವರೊಳಗೆ ಸೇರಿಹೋಗಲಿ ಎಂದಲ್ಲವೇ ನಾನು ಐದು ತಿಂಗಳು ಪ್ರಾರ್ಥಿಸಿದ್ದು?

ತುಂಬ ಹೊತ್ತಿನ ಮೇಲೆ ಆ ರಾಶಿಯೊಳಗಿಂದ ಒಂದು ಕೈ ಎದ್ದಿತು. ಪಕ್ಕದ ಮುದುಕಿಯ ಕಿವಿಯ ಹಿಂದೆ ಹೋಯಿತು. ನಿದ್ದೆಯಲ್ಲೇ ಎರಡು ಸಲ ಕೂದಲು ಬಿಡಿಸಿ ಸುಮ್ಮನಾಯಿತು. ಬೆರಳಲ್ಲಿ ಹೊಲಿಗೆಯ ಗುರುತಿತ್ತು.

ನನಗೆ ಹೆಸರು ಕರೆಯಬೇಕೆನ್ನಿಸಲಿಲ್ಲ. ಕರೆಯಬಾರದೆಂದು ಕಷ್ಟಪಟ್ಟು ತಡೆದುಕೊಂಡೆ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಿರಲಿಲ್ಲ. ಮಲಗಿದ ಮಗುವಿನ ಕೋಣೆಯಲ್ಲಿ ಹೇಗೆ ಕೂರುತ್ತೇವೋ ಹಾಗೆ ಕೂತಿದ್ದೆ. ಅವರು ಎದ್ದು ಮೇಲಿನ ಕಡೆ ಹೋದ ಮೇಲೆ ನಾನೂ ಎದ್ದೆ. ಡಾಕ್ಟರ್ ಲಾರಿಯವರೆಗೆ ನನ್ನ ತೋಳು ಹಿಡಿದುಕೊಂಡು ಬಂದರು.

ಇಲ್ಲಿ ಇಪ್ಪತ್ತನೇ ತಾರೀಕು ಭಾನುವಾರ ಸುಗ್ಗಿಯ ಕೃತಜ್ಞತೆಯ ಹಬ್ಬ. ನಿಮ್ಮ ಅಮ್ಮ ಹೋದ ಮೇಲೆ ನೀನು ಒಬ್ಬನೇ ಗಂಜಿ ಬೇಯಿಸಿಕೊಂಡು ಉಣ್ಣುತ್ತೀಯೆಂದು ಡಾಕ್ಟರ್ ಬಾಯಿಬಿಟ್ಟರು. ಅದನ್ನೂ ನೀನು ಬರೆಯಲಿಲ್ಲ. ಈ ವರ್ಷ ನನ್ನ ಮನೆಯಲ್ಲಿ ಕಾಡಿನ ಮಾಂಸ ಇರುವುದಿಲ್ಲ. ಹೊಗೆಯಲ್ಲಿಟ್ಟ ಮೀನು, ಬಿದಿರಲ್ಲಿ ಬೇಯಿಸಿದ ಅನ್ನ, ಇಂಗ್ರಿ ಮಾಡುವ ಬಾಳೆಹೂವಿನ ಪಲ್ಯ ಇರುತ್ತವೆ. ಪಲ್ಯಕ್ಕೆ ಖಾರ ಜಾಸ್ತಿ ಹಾಕುತ್ತಾಳೆ, ಹೇಳಿದರೂ ಕೇಳುವುದಿಲ್ಲ. ಹೆಂಗಸರಿಗೆಲ್ಲ ನಿನ್ನನ್ನು ನೋಡಬೇಕಂತೆ.

ವೆಲಿ ಶನಿವಾರ ಮಧ್ಯಾಹ್ನ ಬಿತುಂಗ್‌ನಿಂದ ಖಾಲಿ ಲಾರಿ ತರುತ್ತಾನೆ. ಹಿಂದೆ ಕೂರಬೇಡ, ಮುಂದೆ ಕೂರು. ಮುಂದೆ ಮನೆಯವರಿಗೆ ಮಾತ್ರ ಜಾಗ ಎಂದು ಅವನು ಗೊಣಗುತ್ತಾನೆ. ಯೋಸಿನಾಳ ಮನೆಯವನು ಎಂದು ಹೇಳು.

ತಾಂತೆ